ಸೊನ್ನೆಗೆ ಗುರುತು ಹಾಕಿದವರು

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ವ್ಯಸನ ಬಿಡಿಸುವ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯರಾಗಿ ಹೊಸದಾಗಿ ಸೇರಿದವರು. ಕಾಫಿ ಕುಡಿಯುತ್ತ ಒಬ್ಬಳು ತನ್ನ ಫೋನು ತೆಗೆದು ತೋರಿಸಿದಳು. ಅದರಲ್ಲಿ ಒಂದು ಗೆರೆ, ಗೆರೆಯ ಮೇಲೊಂದು ಬೊಟ್ಟು. ಚಟ ಬಿಡಲು ಬಂದವರು ಆ ಬೊಟ್ಟನ್ನು ಬೆರಳಿನಿಂದ ಸರಿಸಿ, ತಮಗೆ ಈಗ ಎಷ್ಟು ಬೇಕೆನ್ನಿಸುತ್ತಿದೆ ಎಂದು ತೋರಿಸಬೇಕಂತೆ. "ಮೇಡಂ, ನಮ್ಮಲ್ಲಿ ಬರೋರೆಲ್ಲ ಸೊನ್ನೆಗೇ ತಳ್ತಾರೆ. ಒಳ್ಳೇದೇ ಅಲ್ವಾ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಪಾಪ, ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ನಾನು ನಕ್ಕದ್ದು ಅವಳನ್ನು ನೋಡಿ ಅಲ್ಲ. ಗೆರೆ ಕಾಗದದಿಂದ ಫೋನಿಗೆ ಹೋದರೂ ಸೊನ್ನೆ ಮಾತ್ರ ಇದ್ದ ಜಾಗದಲ್ಲೇ ಇದೆಯಲ್ಲ ಎಂದು.

ಅವತ್ತು ಅವರಿಗೆ ಬಸ್ಸಿನ ಹೊತ್ತಾಗಿತ್ತು. ಹೇಳಲು ಆಗದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಸೇರಿದೆ, ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂಬುದೆಲ್ಲ ನನಗೇ ಬೇಸರದ ಕಥೆ. ಒಂದು ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ಸಂಕೋಚ ಪಡುವುದಿಲ್ಲ. ಮನುಷ್ಯನೊಬ್ಬನನ್ನು ಅವನ ಚಟ ಎಷ್ಟು ಜೋರಾಗಿ ಎಳೆಯುತ್ತಿದೆ ಎಂದು ತಿಳಿಯುವುದು ಹೇಗೆ, ಅದು ಗೊತ್ತು.

ನಮ್ಮ ಕೇಂದ್ರ ಇದ್ದದ್ದು ತುಮಕೂರಿನ ಬಟವಾಡಿಯಲ್ಲಿ, ಹೆದ್ದಾರಿ ಬದಿಯ ಟೈರ್ ಅಂಗಡಿಯೊಂದರ ಮಹಡಿಯ ಮೇಲೆ. ಕೆಳಗೆ ಲಾರಿ ಟೈರ್ ಬಿಚ್ಚುವ ಸುತ್ತಿಗೆ ಸದ್ದು, ಮೇಲೆ ನಮ್ಮ ಸಮಾಲೋಚನೆ. ಯಾರಾದರೂ ಅತ್ತರೆ ಹೊರಗೆ ಕೂತವರಿಗೆ ಕೇಳಿಸುತ್ತಿರಲಿಲ್ಲ, ಅದೊಂದು ಅನುಕೂಲ. ವಾರದಲ್ಲಿ ಒಂದು ದಿನ ಗುಬ್ಬಿಯಲ್ಲಿ, ಒಂದು ದಿನ ಕುಣಿಗಲ್ಲಿನಲ್ಲಿ ಕ್ಯಾಂಪ್ ಮಾಡುತ್ತಿದ್ದೆವು. ನಾವು ಅಂದರೆ ಮುಖ್ಯವಾಗಿ ಇಬ್ಬರು. ಒಬ್ಬಳು ನಾನು, ಆಪ್ತಸಮಾಲೋಚಕಿ. ಇನ್ನೊಬ್ಬರು ನಮ್ಮ ಮನೋವೈದ್ಯ ಡಾಕ್ಟರ್ ಪದ್ಮನಾಭ.

ಪದ್ಮನಾಭ ಡಾಕ್ಟರು ಶಿಸ್ತಿನ ಮನುಷ್ಯ. ಅವರ ಬಿಳಿ ಕೋಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಸಣ್ಣ ಸ್ಟೀಲ್ ಸ್ಕೇಲ್ ಇರುತ್ತಿತ್ತು. ತೊಂಬತ್ತರ ದಶಕದ ಮಧ್ಯದಲ್ಲಿ ಅವರು ಬೆಂಗಳೂರಿನಲ್ಲಿ ಒಂದು ತರಬೇತಿ ಮುಗಿಸಿಕೊಂಡು ಬಂದರು. ಬರುವಾಗ ಆ ಗೆರೆಯನ್ನು ತಂದರು. ಕಾಗದದ ಮೇಲೆ ಹತ್ತು ಸೆಂಟಿಮೀಟರಿನ ಅಡ್ಡಗೆರೆ. ಎಡತುದಿಯಲ್ಲಿ 'ಸ್ವಲ್ಪವೂ ಬೇಡ', ಬಲತುದಿಯಲ್ಲಿ 'ತಡೆಯಲಾರದಷ್ಟು ಬೇಕು'. ರೋಗಿ ತನಗೆ ಅನ್ನಿಸಿದ ಕಡೆ ಪೆನ್ನಿನಿಂದ ಒಂದು ಗುರುತು ಹಾಕಬೇಕು, ಡಾಕ್ಟರು ಸ್ಕೇಲಿಟ್ಟು ಅಳೆಯಬೇಕು. "ಜ್ವರಕ್ಕೆ ಥರ್ಮಾಮೀಟರ್ ಇದ್ದ ಹಾಗೆ ಕಣ್ರೀ ಜಯಲಕ್ಷ್ಮಿ. ಇನ್ನು ಊಹೆ ಮಾಡೋ ಕೆಲಸ ಇಲ್ಲ" ಎಂದು ಹಿಗ್ಗಿದರು. ನನಗೂ ಖುಷಿಯಾಯಿತು. ಅಲ್ಲಿಯವರೆಗೆ ನಾವು ರೋಗಿಯ ಕಣ್ಣು, ಕೈ ನಡುಕ, ಹೆಂಡತಿಯ ಮುಖ ನೋಡಿ ಅಂದಾಜು ಮಾಡುತ್ತಿದ್ದೆವು.

ಮೊದಲ ದಿನವೇ ಗೂಳೂರಿನಿಂದ ಒಬ್ಬರು ಬಂದಿದ್ದರು. ವಯಸ್ಸಾದವರು, ಬಿಳಿ ಪಂಚೆ, ಇಸ್ತ್ರಿ ಅಂಗಿ. ಡಾಕ್ಟರು ಗೆರೆಯ ಕಾಗದ ಮುಂದಿಟ್ಟು ಎಲ್ಲ ವಿವರಿಸಿದರು. ಅವರು ಗಂಭೀರವಾಗಿ ತಲೆಯಾಡಿಸಿ, ಕನ್ನಡಕ ಏರಿಸಿ, ಗೆರೆಯ ಈ ತುದಿಯಿಂದ ಆ ತುದಿಯವರೆಗೆ ತಮ್ಮ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಸಹಿ ಹಾಕಿಕೊಟ್ಟರು. ತಾಲ್ಲೂಕು ಆಫೀಸು, ಸೊಸೈಟಿ, ಬ್ಯಾಂಕು, ಎಲ್ಲಿ ಹೋದರೂ ಗೆರೆ ಇರುವುದು ಸಹಿ ಹಾಕುವುದಕ್ಕೇ ತಾನೆ? ಡಾಕ್ಟರು ಸ್ಕೇಲ್ ಹಿಡಿದುಕೊಂಡು ಎಲ್ಲಿಂದ ಅಳೆಯುವುದೆಂದು ಯೋಚಿಸುತ್ತ ನಿಂತರು. ಆಮೇಲೆ ಬಂದವರಲ್ಲೂ ಎಷ್ಟೋ ಜನ ಸಹಿ ಹಾಕಿದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಲು ಇಂಕ್ ಪ್ಯಾಡ್ ಕೇಳಿದರು. ಕೊನೆಗೆ ನಾನು ಕಾಗದ ಬಿಟ್ಟು ಬಾಯಲ್ಲೇ ಕೇಳಲು ಶುರು ಮಾಡಿದೆ. "ಸೊನ್ನೆ ಅಂದ್ರೆ ಏನೂ ಬೇಡ, ಹತ್ತು ಅಂದ್ರೆ ತಡ್ಕೊಳೋಕೇ ಆಗಲ್ಲ. ನಿಮಗೆ ಎಷ್ಟು ಎಳೀತಿದೆ?" ಆಸೆ ಎಂದು ಕೇಳಿದರೆ ನಾಚುತ್ತಿದ್ದರು, ಚಟ ಎಂದರೆ ಸಿಡುಕುತ್ತಿದ್ದರು. ಎಳೆಯುವುದು ಎಂಬ ಮಾತು ಅವರದೇ ಆದದ್ದರಿಂದ ಒಪ್ಪಿತವಾಯಿತು.

ಒಪ್ಪಿತವಾದ ಮೇಲೆ ಸೊನ್ನೆಗಳು ಬರತೊಡಗಿದವು. ಗುಬ್ಬಿ ಕ್ಯಾಂಪಿನಲ್ಲಂತೂ ಎರಡನೇ ಸಲ ಬಂದವರೆಲ್ಲರದ್ದೂ ಸೊನ್ನೆ. ಡಾಕ್ಟರು ಇದನ್ನು ನಮ್ಮ ಕೇಂದ್ರ ನಡೆಸುತ್ತಿದ್ದ ಟ್ರಸ್ಟಿನ ತಿಂಗಳ ಮೀಟಿಂಗಿನಲ್ಲಿ ಓದಿ ಹೇಳಿದರು. ಅಧ್ಯಕ್ಷರು ಅವರಿಗೆ ಗಂಧದ ಹಾರ ಹಾಕಿ, ಇಷ್ಟು ಬೇಗ ಊರಿಗೆ ಊರೇ ಸುಧಾರಿಸಿದ್ದನ್ನು ತಾವು ಕಂಡಿಲ್ಲವೆಂದು ಭಾಷಣ ಮಾಡಿದರು. ಆ ಹಾರ ಇನ್ನೂ ನಮ್ಮ ಕೋಣೆಯ ಮೊಳೆಗೆ ನೇತುಬಿದ್ದಿದ್ದಾಗಲೇ ಗುಬ್ಬಿಯ ಸೊನ್ನೆಗಳು ಒಂದೊಂದಾಗಿ ತೂರಾಡುತ್ತ ವಾಪಸ್ಸು ಬಂದವು.

ಡಾಕ್ಟರು ಬೇಸರದಿಂದ, "ಅಳತೆ ಸರಿಯಾಗೇ ಇದೆ, ಜನ ಸುಳ್ಳು ಹೇಳ್ತಾರೆ" ಎಂದರು.

"ಹಾಗಾದ್ರೆ ಸರ್, ಜನರನ್ನ ಬದಲಾಯಿಸೋಕೆ ಬೆಂಗಳೂರಿನಲ್ಲಿ ತರಬೇತಿ ಕೊಡ್ತಾರಾ?" ಎಂದೆ. ಅವರು ನಕ್ಕರು. ನಮ್ಮಿಬ್ಬರ ನಡುವೆ ಅಷ್ಟು ಸಲಿಗೆ ಇತ್ತು, ಅದೇ ನಮ್ಮ ಕೆಲಸ ಉಳಿಸಿದ್ದು. ಮೇಲಿನವರ ಜೊತೆ ನಗಲು ಆಗದ ಕಡೆ ಕೆಲಸ ಕಲಿಯುವುದು ಕಷ್ಟ.

ವಾಪಸ್ಸು ಬಂದವರಲ್ಲಿ ಗಂಗಣ್ಣ ಒಬ್ಬ. ಗುಬ್ಬಿ ಕಡೆಯ ತೋಟಗಳಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೆಡವುವುದು ಅವನ ಕಸುಬು. ಆಗ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟುಗಳಲ್ಲಿ ಸಿಗುತ್ತಿದ್ದ ಕಾಲ. ಗಂಗಣ್ಣ ಪ್ಯಾಕೆಟ್ಟಿನ ಮೂಲೆ ಹಲ್ಲಿನಲ್ಲಿ ಕಚ್ಚಿ ಅಲ್ಲೇ ಮುಗಿಸುವವನು. ಅವನ ತಾಯಿ ಪುಟ್ಟಮ್ಮ ಪ್ರತಿ ಸಲವೂ ಜೊತೆಗೆ ಬಂದು, ನಾನು ಮಗನನ್ನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತಿದ್ದಳು. ಆ ದಿನ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ.

"ಗಂಗಣ್ಣ, ಹೋದ ಸಲ ಸೊನ್ನೆ ಅಂದಿದ್ರಿ. ಸುಳ್ಳು ಹೇಳಿದ್ರಾ?"

ಅವನು ಮುಚ್ಚಿದ ಬಾಗಿಲ ಕಡೆ ನೋಡಿದ. ಆಮೇಲೆ, "ಸುಳ್ಳಲ್ಲ ಕಣಮ್ಮ. ಊರ ದೇವ್ರ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿವ್ನಿ. ಈಗ ಬೇಕು ಅನ್ನುಸ್ತೈತೆ ಅಂತ ಬಾಯ್ಬುಟ್ಟು ಅಂದ್ರೆ ಆಣೆ ಮುರುದಂಗಲ್ವಾ? ಆಚೆ ಅವ್ವ ಬೇರೆ ಕೂತವ್ಳೆ" ಎಂದ.

ನನ್ನ ಕಿವಿ ನೆಟ್ಟಗಾಯಿತು. ನಮ್ಮ ಎಲ್ಲ ಸೊನ್ನೆಗಳ ಗುಟ್ಟು ಅಲ್ಲಿತ್ತು. ನಮ್ಮ ಕಡೆ ಕುಡಿತ ಬಿಡಿಸಬೇಕೆಂದರೆ ಮನೆಯವರು ಮೊದಲು ಕರೆದುಕೊಂಡು ಹೋಗುವುದು ದೇವರ ಮುಂದಕ್ಕೆ, ಆಮೇಲೆ ಡಾಕ್ಟರ ಮುಂದಕ್ಕೆ. ಆಣೆ ಮಾಡಿದ ಮನುಷ್ಯ ನಮ್ಮ ಪ್ರಶ್ನೆಯನ್ನು ಎಳೆತದ ಅಳತೆ ಎಂದು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಆಣೆ ಇನ್ನೂ ಗಟ್ಟಿಯಾಗಿದೆಯಾ ಎಂಬ ಪರೀಕ್ಷೆ ಎಂದುಕೊಳ್ಳುತ್ತಿದ್ದ. ಅದಕ್ಕೆ ಅವನು ಕೊಟ್ಟ ಉತ್ತರ ಪ್ರಾಮಾಣಿಕವೇ.

"ಆಣೆ ಮಾಡುವಾಗ ದೇವರಿಗೆ ಏನಂತ ಹೇಳಿದ್ರಿ?" ಎಂದು ಕೇಳಿದೆ.

"ಕುಡಿಯಾಕಿಲ್ಲ ಅಂತ."

"ಬೇಕು ಅನ್ನಿಸೋದೇ ಇಲ್ಲ ಅಂತಾನೂ ಹೇಳಿದ್ರಾ?"

"ಇಲ್ಲ ಬುಡು. ಅದು ನನ್ ಕೈಲೈತಾ?"

"ಮತ್ತೆ? ದೇವರಿಗೆ ಹೇಳದೇ ಇರೋದನ್ನ ನನಗೆ ಹೇಳಿದ್ರೆ ಆಣೆ ಹೇಗೆ ಮುರಿಯುತ್ತೆ?"

ಗಂಗಣ್ಣ ತಲೆ ಕೆರೆದುಕೊಂಡು, ಮೆಲ್ಲಗೆ ನಕ್ಕ. ಆಮೇಲೆ ಅವನ ಬಾಯಿಂದ ಬಂದದ್ದು ಯಾವ ಗೆರೆಯ ಮೇಲೂ ಹಿಡಿಸುವಂಥದ್ದಲ್ಲ. ಮರದ ಮೇಲಿರುವಾಗ ಅವನಿಗೆ ಏನೂ ಎಳೆಯುವುದಿಲ್ಲವಂತೆ. ಬೆಳಗ್ಗೆಯಿಂದ ಎಷ್ಟು ಮರ ಹತ್ತಿದರೂ ಅದರ ನೆನಪೇ ಇಲ್ಲ. ಆ ದಿನದ ಕೊನೆಯ ಮರ ಇಳಿದು, ಇನ್ನು ಹತ್ತುವುದಿಲ್ಲ ಎಂದು ಗೊತ್ತಾಗಿ, ಕಾಲು ನೆಲ ಮುಟ್ಟಿದ ಕೂಡಲೇ ಬರುತ್ತದಂತೆ. "ಆವಾಗ ಕೇಳಿದ್ರೆ ಹತ್ತೇ ಕಣಮ್ಮ. ನೀವು ಮಧ್ಯಾಹ್ನದ ಹೊತ್ನಾಗೆ ಕ್ಯಾಂಪಿಗೆ ಕರ್ದು ಕೇಳ್ತೀರ" ಎಂದ.

ಬಟವಾಡಿಗೆ ಬಂದು ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಸ್ಕೇಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿಂದ ನಮ್ಮ ವಿಧಾನ ಬದಲಾಯಿತು. ಮೊದಲಿಗೆ, ಮನೆಯವರು ಹೊರಗೆ. ಆಮೇಲೆ, ಈಗ ಎಷ್ಟು ಎಂದು ಕೇಳಿದರೂ ಅಲ್ಲಿಗೇ ನಿಲ್ಲಿಸದೆ, ಎಲ್ಲಿ ಮತ್ತು ಯಾವಾಗ ಎಂದು ಕೇಳುವುದು. ಇನ್ನೊಂದು ಪ್ರಶ್ನೆಯನ್ನು ನಾನೇ ಸೇರಿಸಿದೆ, ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ. ಪಕ್ಕದ ಅಂಗಡಿ ಮುಚ್ಚಿದ್ದರೆ ಎಷ್ಟು ದೂರ ಹೋಗುತ್ತೀರಿ, ಏನನ್ನು ಬಿಟ್ಟು ಹೋಗುತ್ತೀರಿ? ಗುಬ್ಬಿಯವನೊಬ್ಬ ನಿಟ್ಟೂರಿನವರೆಗೆ ಹೋಗುತ್ತೇನೆ ಎಂದರೆ ಅದು ಒಂದು ಎಳೆತ. ಎದುರು ರಸ್ತೆಗೆ ದಾಟಲು ಬೇಸರವೆಂದರೆ ಅದು ಬೇರೆಯೇ. ಊಟದ ಎಲೆ ಬಿಟ್ಟು ಎದ್ದವನು, ಹೆಂಡತಿಯ ಹೆರಿಗೆಯ ಹೊತ್ತಿಗೆ ಆಸ್ಪತ್ರೆ ಬಿಟ್ಟು ಹೋದವನು, ಇವರೆಲ್ಲ ತಮ್ಮ ಎಳೆತವನ್ನು ಆಗಲೇ ಅಳೆದು ಇಟ್ಟಿರುತ್ತಾರೆ. ನಾವು ಕೇಳಬೇಕು ಅಷ್ಟೇ.

ಎರಡು ಸಾವಿರದ ಇಸವಿಯ ನಂತರ ದೊಡ್ಡ ದೊಡ್ಡ ಪ್ರಶ್ನಾವಳಿಗಳು ಬಂದವು. ಯಾರೋ ಪುಣ್ಯಾತ್ಮರು ಅವನ್ನು ಕನ್ನಡಕ್ಕೆ ತಂದಿದ್ದರು. 'ಗತ ಸಪ್ತಾಹದಲ್ಲಿ ಮಾದಕ ದ್ರವ್ಯ ಸೇವನೆಯ ಪ್ರೇರಣೆಯ ತೀವ್ರತೆಯನ್ನು ಸೂಚಿಸಿರಿ' ಎಂದು ನಾನು ಓದಿದಾಗ ಆಟೋ ಓಡಿಸುವ ಒಬ್ಬ, "ಮೇಡಂ, ಇದು ಯಾವೂರ್ ಕನ್ನಡ?" ಎಂದು ಕೇಳಿದ್ದ. ಪ್ರಶ್ನಾವಳಿ ಕೆಟ್ಟದ್ದಲ್ಲ, ಅದರಲ್ಲಿ ನಾವು ಕೇಳಲು ಮರೆಯುವ ಎಷ್ಟೋ ವಿಷಯ ಇರುತ್ತದೆ. ಅದನ್ನು ಮನುಷ್ಯರ ಮಾತಿನಲ್ಲಿ ಕೇಳಬೇಕು ಎನ್ನುವುದಷ್ಟೇ ನನ್ನ ತಕರಾರು.

ಈಗ ನಯಾಜ್ ವಿಷಯಕ್ಕೆ ಬರುತ್ತೇನೆ. ಆ ಹುಡುಗಿಯರಿಗೆ ನಾನು ಮುಖ್ಯವಾಗಿ ಹೇಳಬೇಕಾಗಿದ್ದು ಇವನ ಕಥೆ. ಇದು ನಡೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ.

ನಯಾಜ್ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಮೇಲೆ ಕೆಲಸ ಮಾಡುತ್ತಿದ್ದ. ಬಟವಾಡಿಯಲ್ಲೇ ಬಾಡಿಗೆ ಮನೆ. ಹೆಂಡ ಸಾರಾಯಿ ಮುಟ್ಟಿದವನಲ್ಲ. ಅವನನ್ನು ಹಿಡಿದದ್ದು ಕೆಮ್ಮಿನ ಸಿರಪ್ಪು. ಚಳಿಗಾಲದಲ್ಲಿ ಕೆಮ್ಮಿಗೆಂದು ಶುರುವಾದದ್ದು, ಕೆಮ್ಮು ಹೋದಮೇಲೂ ಉಳಿಯಿತು. ಬಾಟಲಿಗೆ ಬಾಟಲಿ ಎತ್ತಿ ಕುಡಿದು, ಕಣ್ಣು ಅರ್ಧ ಮುಚ್ಚಿಕೊಂಡು ಮನೆಯ ಗೋಡೆಗೆ ಒರಗಿ ಕೂರುತ್ತಿದ್ದ. ಒಮ್ಮೆ ಹಾಗೆ ಕೂತಿದ್ದಾಗ ಹಸುಗೂಸು ಮಗಳು ಅವನ ತೊಡೆಯಿಂದ ಜಾರಿ ಕೆಳಗೆ ಬಿದ್ದಿತ್ತು. ಕೂಸಿಗೆ ಏನೂ ಆಗಲಿಲ್ಲ. ಅವನ ಹೆಂಡತಿ ಶಾಹೀನ್ ಮಾತ್ರ ಅವತ್ತಿನಿಂದ ಮಗುವನ್ನು ಅವನ ಕೈಗೆ ಕೊಡುವುದನ್ನು ನಿಲ್ಲಿಸಿದಳು. ಜಗಳವಾಡಲಿಲ್ಲ, ಬೈಯಲಿಲ್ಲ. ಅವನು ಕೈ ಚಾಚಿದರೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಳ್ಳುತ್ತಿದ್ದಳು. ಇದನ್ನು ನನಗೆ ನಯಾಜನೇ ಹೇಳಿದ. ಹೇಳುವಾಗ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ.

ಆ ಮಗುವಿನ ತಲೆಕೂದಲು ತೆಗೆದು ಹೆಸರಿಡುವ ಅಖೀಖಾ ದಿನ ಮನೆ ತುಂಬ ನೆಂಟರು. ಊಟಕ್ಕೆ ಮೊಸರು ಸಾಲದೆಂದು ನಯಾಜನನ್ನು ತರಲು ಕಳಿಸಿದರು. ಬಟವಾಡಿಯ ಮೆಡಿಕಲ್ ಸ್ಟೋರಿನವರು ಅಷ್ಟರಲ್ಲಿ ಅವನಿಗೆ ಸಿರಪ್ ಕೊಡುವುದನ್ನು ನಿಲ್ಲಿಸಿದ್ದರು. ಕ್ಯಾತ್ಸಂದ್ರದಲ್ಲೂ ಸಿಗಲಿಲ್ಲ. ಮೊಸರಿನ ಕ್ಯಾನು ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿ ಬೆಂಗಳೂರಿನ ಹತ್ತಿರದ ನೆಲಮಂಗಲದವರೆಗೂ ಹೋದ. ಅವನು ವಾಪಸ್ಸು ಬರುವಾಗ ನೆಂಟರೆಲ್ಲ ಊಟ ಮುಗಿಸಿ ಹೋಗಿದ್ದರು, ಮಗುವಿಗೆ ಹೆಸರೂ ಇಟ್ಟಾಗಿತ್ತು. ಅವನ ಮಾವ ಖಾದರ್ ಸಾಹೇಬರು ಮಗಳನ್ನೂ ಮೊಮ್ಮಗಳನ್ನೂ ಕುಣಿಗಲ್ಲಿನ ತಮ್ಮ ಮನೆಗೆ ಕರೆದುಕೊಂಡು ಹೊರಟುಬಿಟ್ಟಿದ್ದರು. ಎಷ್ಟು ದೂರ ಹೋದಿರಿ, ಏನು ಬಿಟ್ಟು ಹೋದಿರಿ ಎಂಬ ನನ್ನ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಮತ್ತೆ ಸಿಕ್ಕಿಲ್ಲ.

ಮರುವಾರವೇ ನಯಾಜ್ ನಮ್ಮಲ್ಲಿ ದಾಖಲಾದ. ಮೈ ಕೈ ನೋವು, ವಾಂತಿ, ಬೆವರು ಎಲ್ಲ ಅನುಭವಿಸಿ ಹೊರಬಿದ್ದ. ಆಮೇಲೆ ಕುಣಿಗಲ್ ಕ್ಯಾಂಪಿಗೆ ಬಂದು ಮಾತ್ರೆ ತೆಗೆದುಕೊಳ್ಳುತ್ತಿದ್ದ. ಬಟವಾಡಿಯಲ್ಲಿ ಮನೆಯಿರುವವನು ಕುಣಿಗಲ್ಲಿಗೆ ಯಾಕೆ ಬರುತ್ತಾನೆಂದು ನಾನು ಕೇಳಲಿಲ್ಲ. ಕ್ಯಾಂಪ್ ನಡೆಯುತ್ತಿದ್ದ ಕೋಣೆಯ ಎದುರು ಬೀದಿಯಲ್ಲೇ ಖಾದರ್ ಸಾಹೇಬರ ಮನೆ. ಕಿಟಕಿಯಿಂದ ಅವರ ಮಹಡಿಯ ತಂತಿಯಲ್ಲಿ ಒಣಗಿಹಾಕಿದ ಮಗುವಿನ ಬಟ್ಟೆ ಕಾಣುತ್ತಿತ್ತು. ಅವನು ಸರದಿಯಲ್ಲಿ ಸದಾ ಆ ಕಿಟಕಿಯ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದ.

ಖಾದರ್ ಸಾಹೇಬರದ್ದು ಪೇಟೆಯಲ್ಲಿ ಹಗ್ಗ, ಟಾರ್ಪಾಲು, ಪೈಪು ಮಾರುವ ಅಂಗಡಿ. ಅಳೆದು ಕೊಡುವ ವ್ಯಾಪಾರ. ಒಂದು ದಿನ ಅವರೇ ಕ್ಯಾಂಪಿಗೆ ಬಂದು ಡಾಕ್ಟರನ್ನು ಕೇಳಿದರು, "ನೀವು ಆಸೆ ಅಳೀತೀರಂತೆ, ಹೌದಾ?"

ಡಾಕ್ಟರು ಸಂತೋಷದಿಂದ ಗೆರೆಯನ್ನು ತೋರಿಸಿ ವಿವರಿಸಿದರು.

"ಹಾಗಿದ್ರೆ ನನ್ನ ಕೆಲಸ ಸುಲಭ ಆಯ್ತು. ನನಗೆ ಶುಗರ್ ಇದೆ. ರಿಪೋರ್ಟ್ ನೋಡಿ ಅನ್ನ ತಿನ್ನೋದೋ ಬೇಡವೋ ಅಂತ ತೀರ್ಮಾನ ಮಾಡ್ತೀನಿ. ಇವನದೂ ಒಂದು ರಿಪೋರ್ಟ್ ಕೊಡಿ. ಸೊನ್ನೆ ಬಂದ ದಿನ ಮಗಳನ್ನ ಕಳಿಸ್ತೀನಿ. ಅಲ್ಲೀವರೆಗೂ ಇಲ್ಲ" ಎಂದರು.

ಡಾಕ್ಟರು ನನ್ನ ಮುಖ ನೋಡಿದರು. ಹೆಂಡತಿ ಮಗು ಸಿಗಬೇಕೆಂದರೆ ಸೊನ್ನೆ ಹೇಳಬೇಕು ಎಂದಾದ ಮೇಲೆ ಯಾವ ಮನುಷ್ಯ ಬೇರೆ ಅಂಕಿ ಹೇಳುತ್ತಾನೆ? ಅಳತೆಗೆ ಇದಕ್ಕಿಂತ ದೊಡ್ಡ ಕೇಡು ಇಲ್ಲ. ಸಾಹೇಬರ ಮೇಲೆ ನನಗೆ ಸಿಟ್ಟು ಬಂತು. ಮಗಳನ್ನು ಹೆತ್ತವರ ಭಯವೂ ಅರ್ಥವಾಯಿತು. ಅವರು ಹೋದಮೇಲೆ ನಯಾಜನನ್ನು ಕೂರಿಸಿಕೊಂಡು ಗುಬ್ಬಿಯ ಮರ ಹತ್ತುವವನ ಆಣೆಯ ವಿಷಯ ಹೇಳಿದೆ, ಹೆಸರು ಹೇಳದೆ. ಬೇಕೆನ್ನಿಸುವುದು ತಪ್ಪಲ್ಲ, ಅದನ್ನು ಮುಚ್ಚಿಟ್ಟರೆ ನಮಗೆ ಸಹಾಯ ಮಾಡಲು ದಾರಿಯಿಲ್ಲ ಎಂದೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. ಆ ದಿನ ಎಷ್ಟೆಂದು ಕೇಳಿದ್ದಕ್ಕೆ ಏಳು ಎಂದ.

ಅಷ್ಟರಲ್ಲಿ ರಂಜಾನ್ ತಿಂಗಳು ಬಂತು. ಅವರೆಕಾಯಿ ಕಾಲ, ಬೆಳಗಿನ ಚಳಿ ಜೋರು. ನಯಾಜ್ ಒಂದೂ ಬಿಡದೆ ರೋಜಾ ಹಿಡಿದ. ಹಗಲೆಲ್ಲ ಗುಟುಕು ನೀರಿಲ್ಲದೆ ಇದ್ದು, ಸಂಜೆ ಉಪವಾಸ ಬಿಟ್ಟು, ಆಮೇಲೆ ಅಕ್ಕಪಕ್ಕದವರ ಜೊತೆ ಮಸೀದಿಗೆ ಹೋಗಿ ದೀರ್ಘ ನಮಾಜು ಮುಗಿಸಿ ಅವರ ಜೊತೆಯೇ ಮನೆಗೆ ಬರುತ್ತಿದ್ದ. ಕ್ಯಾಂಪಿನಲ್ಲಿ ಕೇಳಿದರೆ ಸೊನ್ನೆ. ಮರುವಾರವೂ ಸೊನ್ನೆ. ಇವನೂ ಬಾಯಿಗೆ ಬೀಗ ಹಾಕಿಕೊಂಡನೇ ಎಂದು ನನಗೆ ಅನುಮಾನ ಬಂತು.

"ನಿಜ ಹೇಳಿ ನಯಾಜ್. ಏನೂ ಇಲ್ವಾ?"

"ಇಲ್ಲ ಮೇಡಂ. ಬೆಳಗಿನ ಜಾವ ಸಹರಿ ಊಟ ಮಾಡಿ ಇವತ್ತು ರೋಜಾ ಅಂತ ನಿಯತ್ ಕಟ್ಟಿದ್ರೆ ಮುಗೀತು. ಆ ಕಡೆ ಮನಸ್ಸೇ ಹೋಗಲ್ಲ. ನನಗೇ ಆಶ್ಚರ್ಯ ಆಗ್ತಿದೆ."

ನಾನು ಅವನ ಮುಖ ನೋಡಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಗಂಗಣ್ಣನದ್ದು ಬಾಯಿಗೆ ಬಾರದ ಎಳೆತ, ಇವನಿಗೆ ನಿಜವಾಗಿಯೂ ಎಳೆತ ಇರಲಿಲ್ಲ. ಮರದ ಮೇಲಿದ್ದಾಗ ಗಂಗಣ್ಣನಿಗೆ ಇಲ್ಲದ ಹಾಗೆಯೇ. ಕೈಗೆ ಸಿಗುವುದಿಲ್ಲವೆಂದು ಮನಸ್ಸಿಗೆ ಖಾತ್ರಿಯಾದಾಗ ಎಳೆತ ಮಲಗುತ್ತದೆ. ಬಾಗಿಲು ತೆರೆದ ಕೂಡಲೇ ಏಳುತ್ತದೆ. ಆ ತಿಂಗಳು ನಯಾಜ್ ಇನ್ನೂ ಮರದ ಮೇಲಿದ್ದ, ಹಬ್ಬದ ಮರುದಿನ ಅವನ ಕಾಲು ನೆಲ ಮುಟ್ಟುವುದಿತ್ತು. ಇದನ್ನೂ ಅವನಿಗೆ ಬಿಡಿಸಿ ಹೇಳಿದೆ. ಅವನು ಕಿಟಕಿಯ ಕಡೆ ನೋಡಿದ.

ಹಬ್ಬ ಇನ್ನೇನು ಬಂತು ಎನ್ನುವಾಗ ಖಾದರ್ ಸಾಹೇಬರು ಮತ್ತೆ ಕ್ಯಾಂಪಿಗೆ ಬಂದರು. ಈ ಸಲ ಮಗುವನ್ನು ಎತ್ತಿಕೊಂಡ ಶಾಹೀನ್ ಕೂಡ ಜೊತೆಗಿದ್ದಳು. ಸಾಹೇಬರ ಮುಖ ಅರಳಿತ್ತು. "ಡಾಕ್ಟ್ರೇ, ತಿಂಗಳು ಪೂರ್ತಿ ರೋಜಾ ಇಟ್ಟಿದಾನೆ. ಸೊನ್ನೆ ಬಂದಿದೆ ಅಂತ ಅವನೇ ಹೇಳ್ದ. ನೀವು ಒಂದು ಮಾತು ಬರ್ಕೊಟ್ಟುಬಿಟ್ರೆ ಹಬ್ಬಕ್ಕೆ ಮಗಳು ಮೊಮ್ಮಗಳನ್ನ ಅವನ ಜೊತೆ ಕಳಿಸ್ತೀನಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದಿದ್ದರು. ಸೊನ್ನೆ ಬಂದದ್ದು ಸುಳ್ಳಲ್ಲವಲ್ಲ. ಮಗು ತಾಯಿಯ ಭುಜದ ಮೇಲಿಂದ, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಪ್ಪನನ್ನು ನೋಡುತ್ತಿತ್ತು. ಅವನು ಕೈ ಚಾಚಲಿಲ್ಲ. ಆ ಕ್ಷಣ ಸುಮ್ಮನಿದ್ದುಬಿಡಲೇ ಎಂದು ನನಗೂ ಅನ್ನಿಸಿತು. ಆದರೆ ಸೊನ್ನೆಯ ಭರವಸೆಯ ಮೇಲೆ ಆ ಹೆಣ್ಣುಮಗಳನ್ನು ಕಳಿಸಿದರೆ, ಮೊದಲ ಸಲ ಅವನಿಗೆ ಎಳೆದಾಗ ಅವನು ಯಾರಿಗೆ ಹೇಳುತ್ತಾನೆ? ಸೊನ್ನೆ ಎಂದು ಬರೆಸಿಕೊಂಡವನಿಗೆ ಆಮೇಲೆ ಒಂದು ಎಂದು ಹೇಳಲೂ ಬಾಯಿ ಬರುವುದಿಲ್ಲ.

"ಸರ್, ಒಂದ್ನಿಮಿಷ" ಎಂದೆ. "ನಾನು ನಯಾಜ್‌ನ ಒಂದು ಪ್ರಶ್ನೆ ಕೇಳ್ಬೇಕು. ಸಾಹೇಬರೇ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?"

"ಇರ್ಲಿ ಮೇಡಂ" ಎಂದ ನಯಾಜ್. "ಅವರೂ ಕೇಳ್ಲಿ."

ನಾನು ಕೇಳಿದೆ. "ಹಬ್ಬ ಮುಗಿದಿದೆ ಅಂತ ಇಟ್ಕೊಳ್ಳಿ. ರೋಜಾ ಇಲ್ಲ. ಸಂಜೆ ಶಿಫ್ಟ್ ಬಿಟ್ಟಿದೆ. ಅಂತರಸನಹಳ್ಳಿ ಗೇಟಿನಿಂದ ಒಬ್ಬರೇ ಬರ್ತಿದೀರ. ಮೆಡಿಕಲ್ ಸ್ಟೋರ್ ತೆಗೆದಿದೆ, ಹೊಸ ಹುಡುಗ ಕೂತಿದಾನೆ, ಅವನಿಗೆ ನಿಮ್ಮ ಗುರುತಿಲ್ಲ. ಆವಾಗ ಎಷ್ಟು?"

ನಯಾಜ್ ಕಣ್ಣು ಮುಚ್ಚಿದ. 

"ಎಂಟು" ಎಂದ.

ಖಾದರ್ ಸಾಹೇಬರು ಎದ್ದು ನಿಂತರು. "ರೋಜಾ ಇಟ್ಟ ಬಾಯಲ್ಲಿ ಬರೋ ಮಾತಾ ಇದು?"

"ರೋಜಾದಲ್ಲಿ ನಿಜವಾಗ್ಲೂ ಇರ್ಲಿಲ್ಲ ಮಾಮು. ಅವರು ಆಮೇಲಿಂದು ಕೇಳಿದ್ರು. ಅದಕ್ಕೆ ಇರೋದು ಹೇಳ್ದೆ."

"ನಡಿಯಮ್ಮ" ಎಂದು ಸಾಹೇಬರು ಮಗಳ ಕಡೆ ತಿರುಗಿದರು.  ನಾನು ಕೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು, ಆದರೆ ಅದರ ಬೆಲೆಯನ್ನು ತೆರುವವನು ಎದುರಿಗೆ ಕೂತಿದ್ದ.

ಶಾಹೀನ್ ಏಳಲಿಲ್ಲ. ಕ್ಯಾಂಪಿನಲ್ಲಿ ನಾನು ಅವಳ ಧ್ವನಿ ಕೇಳಿದ್ದು ಅದೇ ಮೊದಲು. "ಅಬ್ಬಾ, ಕೂತ್ಕೊಳ್ಳಿ" ಎಂದು ಅಪ್ಪನಿಗೆ ಹೇಳಿದಳು. "ಮದುವೆ ಆದಾಗಿಂದ ನಾನು ಕೇಳಿದಾಗೆಲ್ಲ ಏನೂ ಇಲ್ಲ, ಏನೂ ಇಲ್ಲ ಅಂತಾನೇ ಹೇಳಿದಾರೆ. ಮೊಸರು ತರೋಕೆ ಹೋಗುವಾಗ್ಲೂ ಏನೂ ಇಲ್ಲ ಅಂದೇ ಹೋಗಿದ್ರು. ಅವರ ಬಾಯಲ್ಲಿ ಇದೆ ಅಂತ ಬಂದಿದ್ದು ಇವತ್ತೇ ಮೊದಲು. ಸೊನ್ನೆ ಅಂದಿದ್ರೆ ನಾನು ಹೋಗ್ತಿರ್ಲಿಲ್ಲ. ಈಗ ಹೋಗ್ತೀನಿ."

 ಸಾಹೇಬರು ನಿಂತೇ ಇದ್ದರು, ಆಮೇಲೆ ಟೋಪಿ ತೆಗೆದು ತಲೆ ಒರೆಸಿಕೊಂಡು ಕೂತರು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ನಾನು ಕಣ್ಣೊರೆಸಿಕೊಂಡೆ, ಅದನ್ನು ಮುಚ್ಚಿಡಲು ಹೋಗಲಿಲ್ಲ.

ಶಾಹೀನ್ ಬಟವಾಡಿಗೆ ಬಂದಳು, ಮಗುವನ್ನು ಮಾತ್ರ ಇನ್ನೂ ಅವನ ಕೈಗೆ ಕೊಡಲಿಲ್ಲ. ಬರುವ ಮುಂಚೆ ಒಂದು ಷರತ್ತು ಹಾಕಿದಳು. ದಿನಾ ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆ ಬಾಗಿಲಲ್ಲೇ ಅಂಕಿ ಹೇಳಬೇಕು. ಎಷ್ಟೇ ಇರಲಿ, ಅವಳು ಬೈಯುವುದಿಲ್ಲ. ಐದರ ಮೇಲಿದ್ದರೆ ಅವತ್ತು ಅವನನ್ನು ಒಬ್ಬನೇ ಹೊರಗೆ ಕಳಿಸುವುದಿಲ್ಲ, ಅಷ್ಟೇ. ಪದ್ಮನಾಭ ಡಾಕ್ಟರು ಬೆಂಗಳೂರಿನಿಂದ ತಂದ ಅಳತೆ ಕೊನೆಗೂ ಸರಿಯಾದ ಜಾಗ ಸೇರಿತು. ಅವರೇ ಹಾಗೆ ಹೇಳಿಕೊಂಡು ನಗುತ್ತಿದ್ದರು. ನಾನು ಆಮೇಲೆ ಎಷ್ಟೋ ಮನೆಗಳಿಗೆ ಈ ಷರತ್ತನ್ನು ಹೇಳಿಕೊಟ್ಟೆ. ಕೆಲವು ಮನೆಗಳಲ್ಲಿ ನಡೆಯಿತು, ಕೆಲವು ಕಡೆ ಅಂಕಿ ಕೇಳಿದ ಕೂಡಲೇ ಬೈಗುಳ ಶುರುವಾಗಿ ಮರುದಿನದಿಂದ ಬರೀ ಸೊನ್ನೆ. ಕೇಳುವವರು ಕೇಳಿಸಿಕೊಳ್ಳಲು ತಯಾರಿರಬೇಕು. ಹುಡುಗಿಯರೇ, ನಿಮಗೂ ಇದೇ ಮಾತು. ನಿಮ್ಮ ಫೋನಿನ ಗೆರೆಯಲ್ಲಿ ತಪ್ಪೇನಿಲ್ಲ. ಹತ್ತು ಎಂದವನನ್ನು ನೋಡಿ ನಿಮ್ಮ ಮುಖ ಬಾಡಿದರೆ, ಮುಂದಿನ ಸಲ ಅವನು ನಿಮ್ಮ ಮುಖ ನೋಡಿ ಬೊಟ್ಟು ಸರಿಸುತ್ತಾನೆ.

ನಯಾಜ್ ಈಗಲೂ ಬಟವಾಡಿಯಲ್ಲೇ ಇದ್ದಾನೆ. ರಂಜಾನ್ ಹಬ್ಬಕ್ಕೆ ಅವರ ಮನೆಯಿಂದ ಶೀರ್ ಕುರ್ಮಾ ಪಾಯಸ ಬರುತ್ತದೆ, ನನಗೆ ಸಕ್ಕರೆ ಕಡಿಮೆ ಹಾಕಿಸಿ ಬೇರೆ ಡಬ್ಬಿಯಲ್ಲಿ. ಆದರೆ ನನ್ನ ಕಣ್ಣ ಮುಂದೆ ಇರುವುದು ಆ ಡಬ್ಬಿಯಲ್ಲ. ಅವರು ಮತ್ತೆ ಒಟ್ಟಿಗೆ ಇರತೊಡಗಿ ಕೆಲವು ತಿಂಗಳಾದ ಮೇಲಿನ ಒಂದು ಸಂಜೆ.

ನಾನು ಕೋಣೆಯ ಕಿಟಕಿ ಮುಚ್ಚುತ್ತಿದ್ದೆ. ಡಾಕ್ಟರು ಬ್ಯಾಗು ಹಿಡಿದು ಹೊರಟಿದ್ದರು. ಕೆಳಗೆ ಟೈರ್ ಅಂಗಡಿಯ ಸದ್ದು ನಿಂತಿತ್ತು, ಅದರಿಂದ ಮೆಟ್ಟಿಲ ಮೇಲೆ ಯಾರೋ ಬಿರಬಿರನೆ ಹತ್ತಿ ಬರುವುದು ಕೇಳಿಸಿತು. ಶಾಹೀನ್. ಸೊಂಟದಲ್ಲಿ ಮಗು. ಹಿಂದೆ ಕೆಲಸದ ಬಟ್ಟೆಯಲ್ಲೇ ತಲೆ ತಗ್ಗಿಸಿಕೊಂಡ ನಯಾಜ್. ಅವಳಿಗೆ ಏದುಸಿರು.

"ಏನಾಯ್ತಮ್ಮ?" ಎಂದೆ.

"ಇವತ್ತು ಎಷ್ಟು ಅಂತ ಕೇಳ್ದೆ ಮೇಡಂ. ಸೊನ್ನೆ ಅಂದ್ರು. ಅದಕ್ಕೆ ಬೀಗ ಹಾಕಿ ಕರ್ಕೊಂಡ್ ಬಂದೆ."

ನಯಾಜ್ ಪ್ಯಾಂಟಿನ ಜೇಬಿನಿಂದ ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟ. ಮುಚ್ಚಳದ ಸೀಲು ಒಡೆದಿರಲಿಲ್ಲ.  ಡಾಕ್ಟರು ಬ್ಯಾಗು ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತರು.

"ಎಷ್ಟು ನಯಾಜ್?" ಎಂದು ನಾನು ಕೇಳಿದೆ.

ಅವನು ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ಹತ್ತು."

ಶಾಹೀನ್ ಅವನ ಮುಖವನ್ನೇ ನೋಡುತ್ತ ಒಂದು ಕ್ಷಣ ನಿಂತಳು. ಆಮೇಲೆ ಮಗುವನ್ನು ಸೊಂಟದಿಂದ ಇಳಿಸಿ, "ಹಿಡ್ಕೊಳ್ಳಿ, ನಾನು ಸ್ವಲ್ಪ ನೀರು ಕುಡೀತೀನಿ" ಎಂದು ಅವನ ಕೈಗೆ ಕೊಟ್ಟಳು.